ಅರ್ಧ ಪಾಲು

ಮತಯಂತ್ರದ ಜೊತೆ ಬೆಂಗರೆಯಿಂದ ಹೊಳೆ ದಾಟಿ,
ಅದನ್ನು ಒಪ್ಪಿಸಿ, ಸಹಿ ಹಾಕಿ,
ಬೊಕ್ಕಪಟ್ಣದ ಮನೆ ಮುಟ್ಟುವಾಗ ರಾತ್ರಿ ಹತ್ತೂವರೆ.
ಆರುನೂರ ಹನ್ನೆರಡು ಬೆರಳಿಗೆ ಶಾಯಿ ಹಚ್ಚಿದ ಕೈ
ಸೋಪಿಗೆ ಬಗ್ಗುವುದಿಲ್ಲ.

ತಾರಸಿ ಕೋಣೆಯ ಬಾಡಿಗೆ ಹುಡುಗ ಗುಲೇದ್,
ಸೊಮಾಲಿಯಾದವ, ಫಾರ್ಮಸಿ ಮೂರನೇ ವರ್ಷ,
ಮೆಟ್ಟಿಲಲ್ಲಿ ಕೂತಿದ್ದ.
"ಟೀಚರ್, ಇದು ಎಷ್ಟು ದಿನ ಇರ್ತದೆ?"
ಉಗುರು ಬೆಳೆದು ಹೋಗುವ ತನಕ, ಎಂದೆ.
"ನಮ್ಮಲ್ಲಿ ಅದಕ್ಕಿಂತ ಬೇಗ ಸರ್ಕಾರ ಹೋದದ್ದುಂಟು."

ಅವನಿಗೂ ಒಂದು ಬಟ್ಟಲು ಗಂಜಿ ಬಡಿಸಿದೆ.
ಉಣ್ಣುತ್ತ ತನ್ನ ಅಪ್ಪಂದಿರನ್ನು ಹೇಳಿದ:
ಗುಲೇದ್, ವರ್ಸಮೆ, ಸಮತರ್, ರೋಬ್ಲೆ, ಎಗಾಲ್...
ಮಗ್ಗಿಯ ಹಾಗೆ, ಇಪ್ಪತ್ತೊಂದನೆಯವನ ತನಕ.
"ಐದು ವರ್ಷಕ್ಕೇ ಬಾಯಿಪಾಠ. ತಪ್ಪಿದರೆ ಅಜ್ಜಿಯ ಕೋಲು.
ದಾರಿ ತಪ್ಪಿ ನೀರು ಕೇಳಿದರೆ
ನಿನ್ನ ಹೆಸರು ಯಾರಿಗೆ ಬೇಕು?
ಹನ್ನೆರಡನೇ ಅಪ್ಪ ಯಾರು ಅಂತ ಕೇಳ್ತಾರೆ."

ನಮ್ಮಲ್ಲಿ ಅಮ್ಮನ ಬರಿ, ಎಂದೆ.
ನಾನು ಕುಂದರ್, ಅಮ್ಮ ಕುಂದರ್, ಅವಳಮ್ಮನೂ.
ಗಂಡ ಸಾಲ್ಯಾನ್, ಅದು ಅವರ ಜೊತೆಗೇ ಮುಗೀತದೆ.
ನಕ್ಕ: "ಹಾಗಾದರೆ ನಾನಿಲ್ಲಿ ಬೇರೆಯೇ ಮನುಷ್ಯ."

ಆಮೇಲೆ ಲೆಕ್ಕ ಹೇಳಿದ.
ನಾಲ್ಕು ದೊಡ್ಡ ಕುಲಕ್ಕೆ ಒಂದೊಂದು ಪಾಲು,
ಉಳಿದವರೆಲ್ಲ ಸೇರಿ ಅರ್ಧ.
ಸಂಸತ್ತೆಂದರೆ ನಾಲ್ಕೂವರೆ.
ಜಗಳ ನಿಲ್ಲಲಿ ಅಂತ ಮಾಡಿದ್ದು; ನಿಂತದ್ದೂ ಉಂಟು, ಸ್ವಲ್ಪ.

ಆ ಅರ್ಧ ಯಾರು? ಎಂದೆ. ಲೆಕ್ಕದ ಟೀಚರಿನ ಚಟ.
ಬಟ್ಟಲಲ್ಲಿ ಬೆರಳು ನಿಂತಿತು.
"ನನ್ನ ಅಮ್ಮ."

ಹೊಳೆಯಲ್ಲಿ ಯಾವುದೋ ಬೋಟಿನ ಎಂಜಿನ್ ಕೆಮ್ಮಿತು.

ನಾವು ಬರೆದಿಡುವುದಿಲ್ಲ, ಅಷ್ಟೇ.
ಟಿಕೆಟ್ ಹಂಚುವ ದಿನ ಇಲ್ಲಿಯೂ ಬೆರಳು ಮಡಚ್ತಾರೆ:
ಇವರಿಗೊಂದು, ಅವರಿಗೊಂದು, ಉಳಿದವರಿಗೆ ನೋಡುವಾ.

"ಮತ್ತೆ ಹೊರಗಿನ ಈ ಪೆಟ್ಟಿಗೆ ನಮಗೆ ಎಂತಕ್ಕೆ?
ಜಾಲಿ ಮರದಡಿ ಹಿರಿಯರು ಕೂತರೆ
ಎಲ್ಲರೂ ಹೂಂ ಅನ್ನುವ ತನಕ ಒಬ್ಬನೂ ಏಳುವುದಿಲ್ಲ,
ಒಂಟೆಯ ಹಾಲು ಹುಳಿಯಾದರೂ ಸರಿ.
ನಿಮ್ಮದು ಬರೇ ಎಣಿಕೆ.
ಎಣಿಕೆಯಲ್ಲಿ ಸೋತವ ಮನೆಗೆ ಹೋಗಿ ಕೋವಿ ಹುಡುಕ್ತಾನೆ."

ಇಲ್ಲಿ ಸೋತವ ನಾಳೆ ಬೆಳಿಗ್ಗೆ ನಾಲ್ಕಕ್ಕೆ
ಅದೇ ದಕ್ಕೆಗೆ ಬರಬೇಕು, ಗೆದ್ದವನ ಐಸ್ ಕೊಳ್ಳಲಿಕ್ಕೆ.
ನಮ್ಮನ್ನು ಹಿಡಿದದ್ದು ಅದು, ಕಾನೂನಲ್ಲ.
ಯಾವಾಗಲೂ ಹಿಡಿದಿದೆ ಎನ್ನಲಾರೆ.

ಪಟ್ಣದ ಸಭೆ ನೆನಪಾಯಿತು.
ಮರಳಲ್ಲಿ ಚಾಪೆ, ನಡುವೆ ಗುರಿಕಾರರು, ಎಲೆಅಡಿಕೆಯ ಹರಿವಾಣ.
ದೋಣಿ ಮಗುಚಿದ ರಾತ್ರಿ, ಯಾವ ಬರಿ ಎಂದು ಕೇಳದೆ
ಹನ್ನೊಂದು ದೋಣಿ ಕಡಲಿಗಿಳಿದದ್ದು ಆ ಸಭೆಯ ಒಂದು ಮಾತಿಗೆ.
ಗಂಡ ತೀರಿದ ಅಕ್ಕು ದೊಡ್ಡಮ್ಮನ ಬಲೆಯ ಪಾಲು
ಮೈದುನನಿಗೆ ಎಂದದ್ದೂ ಅದೇ ಸಭೆ.
ಎಲ್ಲರೂ ಹೂಂ ಅಂದಿದ್ದರು.
ಅವಳು ಚಾಪೆಯ ಆಚೆ ನಿಂತಿದ್ದಳು. ಅವಳನ್ನು ಕೇಳಲಿಲ್ಲ,
ಹಾಗಾಗಿ ಇಲ್ಲ ಅಂದವರು ಯಾರೂ ಇರಲಿಲ್ಲ.

ಇವತ್ತು ಬಂದಿದ್ದಳು, ಎಂಬತ್ತೊಂದು ವರ್ಷ.
ರಟ್ಟಿನ ಮರೆಯ ಹಿಂದೆ ಹೋದವಳು ಹೊರಗೆ ಬರಲಿಲ್ಲ.
ಒಂದು ನಿಮಿಷ. ಎರಡು. ಏಜೆಂಟರ ಗೊಣಗು.
ಒತ್ತಲಿಕ್ಕೆ ಗೊತ್ತಾಗ್ತಿಲ್ಲವಾ ದೊಡ್ಡಮ್ಮ? ಎಂದೆ ಕೂತಲ್ಲಿಂದ.
"ಗೊತ್ತುಂಟು, ತಡಿ."
ಅವಳಿಗೆ ಅವಸರವಿರಲಿಲ್ಲ.
ಅಷ್ಟು ಹೊತ್ತು ಅವಳು ಯಾರ ಹೆಂಡತಿಯೂ ಅಲ್ಲ, ಯಾವ ಬರಿಯೂ ಅಲ್ಲ.
ಬೀಪ್.
ಸೆರಗು ಸರಿ ಮಾಡಿಕೊಂಡು
ಮೈದುನನ ಮಗನ ಸ್ಕೂಟರಿನ ಹಿಂದೆಯೇ ಕೂತು ಹೋದಳು.
ಅವ ಹೇಳಿದ ಗುರುತಿಗೇ ಒತ್ತಿದಳೋ ಏನೋ,
ನನಗೂ ಗೊತ್ತಿಲ್ಲ, ಅವನಿಗೂ.

ಇದಿಷ್ಟನ್ನೂ ಹೇಳಿದೆ.
ನಿಮ್ಮೂರಿಗೆ ಒಗ್ಗುತ್ತದೋ ಇಲ್ಲವೋ, ನಾನೇನು ಹೇಳಲಿ ಮಾರಾಯ,
ನಮಗೆ ಒಗ್ಗಿದೆಯೋ ಅಂತಲೇ ಪ್ರತಿ ಸಲ ಶಾಯಿ ಹಚ್ಚಿ ನೋಡುವುದು.

ಬಟ್ಟಲು ತೊಳೆದಿಟ್ಟು ಬಾಗಿಲಲ್ಲಿ ನಿಂತ.
"ಆ ರಟ್ಟು ಎಷ್ಟು ಎತ್ತರ ಟೀಚರ್?"

ನೀಲಿ ಬೆರಳುಗಳನ್ನು ಎತ್ತಿ ತೋರಿಸಿದೆ:
ಇಷ್ಟೇ. ತಲೆ ಕಾಣ್ತದೆ, ಭುಜ ಕಾಣ್ತದೆ,
ಯಾರ ಮನೆಯವಳೆಂದು ಎಲ್ಲರಿಗೂ ಕಾಣ್ತದೆ.
ಕೈ ಒಂದು ಕಾಣುವುದಿಲ್ಲ.