ಹರಕ ನೋಟು

ದುರ್ಗದಬೈಲಿನ್ಯಾಗ ನನ್ನ ಅಂಗಡಿ ಅಂದ್ರ
ಒಂದು ಛತ್ರಿ, ಒಂದು ಸ್ಟೂಲು, ಗಾಜಿನ ಡಬ್ಬಿ.
ಹರದ ನೂರಕ್ಕ ತೊಂಬತ್ತು ಕೊಡತೀನಿ.
ನಂಬರು ಇರಬೇಕು, ಸಹಿ ಇರಬೇಕು, ಅಷ್ಟ.

ಹಡಗಿನ್ಯಾಗ ಅಡಗಿ ಮಾಡಾಂವ, ಕೇಶ್ವಾಪುರದ ಎಲಿಯಾ,
ನಿನ್ನಿ ಒಂದು ನೋಟು ತಂದ:
ಮೀನು, ತೆಂಗು, ನೀಲಿ ನೀರು, ಇಲಿ ಕಡದ ಮೂಲಿ.
"ಮಕ್ತುಮಣ್ಣಾ, ಏನರ ಬರತೈತೇನ?"

ಯಾವ ದ್ವೀಪೋ. ಮಂದಿ ನಮ್ಮ ಗಣೇಶಪೇಟಿಯಷ್ಟಂತ.
ಅಕ್ಕಿ ಹೊರಗಿಂದು, ಎಣ್ಣಿ ಹೊರಗಿಂದು,
ಉಳ್ಳಾಗಡ್ಡಿ ಸೈತ.
ಹಡಗು ಬಂದ ದಿನ ಬ್ಯಾಂಕಿನ ದೊಡ್ಡಾಂವ
ಡಾಲರ್ ಎಣಸತಾನಂತ,
ಸಂಜಿಗೆ ನಾ ಚಿಲ್ಲರ ಎಣಸಿದಂಗ.
ಅಷ್ಟರಾಗ ಊರ ಒಲಿ ಹತ್ತಬೇಕು.

ನೋಟಿನ ಮ್ಯಾಲ ಅವನ ಸಹಿ, ಸ್ವಲ್ಪ ವಾರಿ.
ನಮ್ಮ ನೋಟಿಗೆ ಸಹಿ ಹಾಕಿದಾಂವನ್ನ
ನಾ ನೋಡಿಲ್ಲ, ನೋಡೂದೂ ಇಲ್ಲ.
ಅಲ್ಲಿ ಹಂಗಲ್ಲ.
ತುಟ್ಟಿ ಆದ ದಿನ ಮೀನಿನ ಬಜಾರದಾಗ
ಯಾವಾಕಿಯರ ಮುದುಕಿ
ಅಂಗಿ ಹಿಡದು ಕೇಳಬಹುದು:
"ಮಾತು ಕೊಟ್ಟಿದ್ದೆಲ್ಲೋ, ತಮ್ಮಾ?"

ಟೇಪ ಹಚ್ಚಿ ಕೊಟ್ಟೆ. ರೊಕ್ಕ ತಗೊಳ್ಳಲಿಲ್ಲ.
"ಮತ್ತ ಹೋದರ ಒಯ್ಯಿ ಎಲಿಯಾ," ಅಂದೆ,
"ಇದರ ಬೆಲಿ
ಅವನ ಮನಿ ಕಾಣೂ ತನಕ ಅಷ್ಟ."