ನಿಂತವನು, ಮರಳಿದಳು

ಅಜ್ಜನ ಹೆಸರು ದುರ್ಮುಷ್.
ಅಂದರೆ, ನಿಂತವನು.
ಅವನ ಹಿಂದಿನ ಮೂರು ಕೂಸು ನಿಲ್ಲಲಿಲ್ಲವಂತೆ,
ಇದಾದರೂ ನಿಲ್ಲಲಿ ಎಂದು
ಹೆಸರಿನ ಗೂಟಕ್ಕೆ ಕಟ್ಟಿಹಾಕಿದರು.

ಅಜ್ಜಿ ದೊಂದು. ಅಂದರೆ ತಿರುಗಿದಳು, ಮರಳಿದಳು.
ನಾಲ್ಕನೆಯ ಹೆಣ್ಣು.
ಇನ್ನಾದರೂ ದೇವರು ಗಂಡಿನ ಕಡೆ ತಿರುಗಲಿ ಎಂಬ ಅರ್ಜಿಯನ್ನು
ಅವಳ ಹಣೆಗೆ ಅಂಟಿಸಿಟ್ಟರು.

ನಿಂತವನು ಹೊರಟ.
ಅರವತ್ತೆಂಟರ ಮಾರ್ಚಿನಲ್ಲಿ, ಇಸ್ತಾಂಬುಲಿನ ಕಚೇರಿಯಲ್ಲಿ
ಜರ್ಮನ್ ಡಾಕ್ಟರು ಬಾಯಿ ತೆರೆಸಿ ಹಲ್ಲು ಎಣಿಸಿದ ಮೇಲೆ,
ಮೂರು ಹಗಲು ಮೂರು ರಾತ್ರಿ ರೈಲಿನಲ್ಲಿ ಕೂತು ಬಂದು
ಗೆಲ್ಸೆನ್‌ಕಿರ್ಶೆನ್ನಿನ ನೆಲದಡಿಗೆ ಒಂಬೈನೂರು ಮೀಟರ್ ಇಳಿದ.
ಎರಡೇ ವರ್ಷ ಅಂದಿದ್ದ.

ಯೋಜ್ಗಾತಿನ ಹಳ್ಳಿಯಲ್ಲಿ ಬೇಸಿಗೆಗೆ ಒಂದಿಷ್ಟರಂತೆ ಮನೆ ಕಟ್ಟಿದ.
ಮೂರು ಮಕ್ಕಳಿಗೆ ಮೂರು ಅಂತಸ್ತು.
ಅಪ್ಪನ ಅಂತಸ್ತಿನಲ್ಲಿ ಸೋಫಾದ ಪ್ಲಾಸ್ಟಿಕ್ ಇನ್ನೂ ಬಿಚ್ಚಿಲ್ಲ.
ತಾರಸಿಯಲ್ಲಿ ಕಬ್ಬಿಣದ ಸರಳುಗಳು
ನಾಲ್ಕನೆಯದಕ್ಕೆಂದು ಕೈಯೆತ್ತಿಕೊಂಡೇ ಇವೆ,
ಯಾರೂ ಕೇಳದ ಪ್ರಶ್ನೆಗೆ
ಉತ್ತರ ಗೊತ್ತಿರುವ ಹುಡುಗರ ಹಾಗೆ.
ಆ ಊರಿಗೆ ನಾವು ಜರ್ಮನಿಯವರು.
ಈ ಊರಿಗೆ... ಬಿಡಿ, ಅದು ಹಳೆಯ ಕತೆ,
ಹೇಳಿ ಹೇಳಿ ನನಗೇ ಬೇಸರ.

ನಾನು ಹೇಳಹೊರಟದ್ದು ಬಿಸ್ಕತ್ತಿನ ಡಬ್ಬಿಯ ವಿಷಯ.
ಅದರ ತುಂಬ ರಸೀದಿ.
ಸತ್ತರೆ ಹೆಣ ಊರು ಸೇರಲಿ,
ಮಕ್ಕಳ ಮೇಲೆ ಖರ್ಚು ಬೀಳದಿರಲಿ ಎಂದು
ಮಸೀದಿಯ ನಿಧಿಗೆ ವರ್ಷ ವರ್ಷ ಕಟ್ಟಿದ್ದು.
ಹೋದ ನವೆಂಬರಿನಲ್ಲಿ ಅಜ್ಜ ಊರಿಗೆ ಹೊರಟ,
ಡ್ಯೂಸೆಲ್‌ಡಾರ್ಫಿನಿಂದ ಅಂಕಾರಾಕ್ಕೆ, ಸಾಮಾನುಗಳ ಜೊತೆ,
ಪೆಟ್ಟಿಗೆ ಸೇರಿ ನೂರ ಹನ್ನೆರಡು ಕಿಲೋ.
ಮರಳಿದ್ದು ಅವನು.

ನಲವತ್ತರ ಪ್ರಾರ್ಥನೆ ಮುಗಿದ ಮಾರನೆಯ ದಿನ ಅಜ್ಜಿ
ನಿಧಿಯವನನ್ನು ಮನೆಗೆ ಕರೆಸಿ, ಚಹಾ ಕೊಟ್ಟು,
ನನ್ನ ಹೆಸರು ಹೊಡೆದುಹಾಕಪ್ಪ, ಅಂದಳು.
ಚಿಕ್ಕಪ್ಪ ಕೂಗಾಡಿದ:
ಇಲ್ಲಿ ಗೋರಿಗೂ ಬಾಡಿಗೆ ಅಮ್ಮಾ!
ಇಪ್ಪತ್ತೈದು ವರ್ಷ, ಆಮೇಲೆ ಬೇರೆಯವರಿಗೆ!

ರೈಲುಹಳಿಯ ಪಕ್ಕದ ತನ್ನ ತುಂಡು ತೋಟದ
ಒಣಮೆಣಸಿನಕಾಯಿ ಬಿಡಿಸುತ್ತ ಕೂತಿದ್ದಳು.
ತಲೆ ಎತ್ತಲಿಲ್ಲ.
ನಲವತ್ತೊಂಬತ್ತು ವರ್ಷ ಬಾಡಿಗೆ ಮನೆಯಲ್ಲೇ ಇದ್ದೀನಲ್ಲ.
ಅಲ್ಲಿಗೆ ನೀವು ವರ್ಷಕ್ಕೊಮ್ಮೆ ಬರ್ತೀರಿ, ಬಂದರೆ.
ಇಲ್ಲಾದರೆ ಸ್ಮಶಾನದ ಬಾಗಿಲಿಗೇ ಟ್ರಾಮು ನಿಲ್ಲುತ್ತೆ.

ದುರುಯೋರ್, ಅಂದಳು. ನಿಲ್ಲುತ್ತೆ.
ಗಂಡನ ಹೆಸರಿನ ಅರ್ಧ ಬಾಯಿಗೆ ಬಂದದ್ದು
ಅವಳಿಗೂ ಕೇಳಿಸಿರಬೇಕು,
ಕೈ ಒಂದು ಗಳಿಗೆ ಹಾಗೇ ಇತ್ತು.

ನನಗೀಗ ಏಳು ತಿಂಗಳು.
ಹೆಸರುಗಳ ಚೀಟಿ ಫ್ರಿಜ್ಜಿನ ಬಾಗಿಲಲ್ಲಿದೆ,
ಅಲ್ಲೂ ಸಲ್ಲುವ, ಇಲ್ಲೂ ಸಲ್ಲುವ,
ಯಾವ ಗುಮಾಸ್ತನ ನಾಲಗೆಯೂ ಎಡವದ
ಎರಡೆರಡು ಅಕ್ಷರದವು.
ಅಜ್ಜಿಗೆ ಓದಿ ಹೇಳಿದೆ.
ಯಾವುದಾದರೂ ಇಡು, ಅಂದಳು,
ಹೆಸರಿನಲ್ಲೇ ಕೂಸಿಗೆ ಕೆಲಸ ಹಚ್ಚಬೇಡ.

ಆಮೇಲೆ ಒಂದು ಬೀಜ ಹಲ್ಲಿನಲ್ಲಿ ಕಚ್ಚಿ ನೋಡಿ,
ಇನ್ನೂ ಹಸಿ ಎಂದು
ಹೀಟರಿನ ಮೇಲಿನ ತಟ್ಟೆಗೆ ಹರವಿದಳು,
ಏಪ್ರಿಲಿಗೆ ಬೇಕು.