ಹಾಜರಿ

ಫುವಾಮುಲಾ ಬಂದರಿನ ಬಾಯಲ್ಲಿ
ಟ್ಯೂನಾ ತಲೆ ಕಡಿದು ಎಸೆಯುತ್ತಾನೆ ಈಸಾ ಮಾಮ.
ನಾನು ಉಸಿರು ಕಟ್ಟಿ ಇಳಿಯುತ್ತೇನೆ,
ಸೊಂಟಕ್ಕೆ ಸೀಸ, ಮಣಿಕಟ್ಟಿಗೆ ಸ್ಲೇಟು.

ಹನ್ನೆರಡು ಮೀಟರಿನಾಚೆ ನೀರು
ತೇಲಿಸುವುದು ಬಿಟ್ಟು ತಾನೇ ಎಳೆದುಕೊಳ್ಳುತ್ತದೆ.
ಎದೆಬಡಿತ ಒಂದು.
ಬಹಳ ಹೊತ್ತಿಗೆ, ಇನ್ನೊಂದು.

ಪಟ್ಟೆ ನೋಡಿ ಗುರುತು: ಬಾಲ ಹರಿದವಳು, ಬಸುರಿ,
ಆಮೇಲೆ ನಾವು ‘ಅತ್ತೆ’ ಅನ್ನುವವಳು,
ಓರೆಗಣ್ಣಲ್ಲಿ ಅಳೆದು, ಏನೂ ಅನ್ನದೆ
ಪಕ್ಕದಲ್ಲೇ ಹಾದುಹೋಗುವ ನಾಲ್ಕು ಮೀಟರು ಹುಲಿಶಾರ್ಕ್.

ಮೂರು ತಿಂಗಳು ಅವಳ ಸಾಲು ಖಾಲಿ.
ಹೆಸರು ಹೊಡೆದುಹಾಕೋಣ ಅಂದ ಜೀಹಾನ್. ನಾನು ಒಪ್ಪಲಿಲ್ಲ.

ಇವತ್ತು ಬಂದಳು.
ದವಡೆಯಲ್ಲಿ ತುಕ್ಕು ಕೊಕ್ಕೆ,
ಹಿಂದೆ ಮಾರುದ್ದ ನೈಲಾನ್ ಹುರಿ, ಬಿಚ್ಚಿದ ಜಡೆಯ ಹಾಗೆ.
ಕೈ ಚಾಚಿದೆ. ಎದೆ ಒದೆಯಿತು: ಸಾಕು, ಏಳು.
ಸ್ಲೇಟಿನ ಮೇಲೆ ಸೊಟ್ಟಂಬಟ್ಟ ಮೂರೇ ಮಾತು:
ಅತ್ತೆ. ಬಂದಳು. ಕೊಕ್ಕೆ.

ಮೇಲೆ ಈಸಾ ಮಾಮ, ಕತ್ತಿ ಒರೆಸುತ್ತ,
ನನ್ನ ಮುಖ ನೋಡದೆ ಕೇಳಿದ:
ಏನಂದಳು?